ಬ್ಯಾಕ್‌ಪ್ಯಾಕ್, ಬುಟ್ಟಿ, ಪಕ್ಕದ ಚೀಲ: ಆಫೀಸಿನ ಸೈಕಲ್‌ಗೆ ಮೂರನ್ನೂ ಹಾಕಿ ನೋಡಿದೆ

ಬೆಂಗಳೂರಿನ ಜಯನಗರ 4ನೇ ಬ್ಲಾಕಿನಿಂದ ಡೊಮ್ಲೂರಿಗೆ ನನ್ನ ದಾರಿ ಸುಮಾರು 9 ಕಿ.ಮೀ. ಡೇರಿ ಸರ್ಕಲ್, ಆಡುಗೋಡಿ, ಈಜಿಪುರ, ಆಮೇಲೆ ಇನ್ನರ್ ರಿಂಗ್ ರೋಡ್. ವಾರಕ್ಕೆ ಐದು ದಿನ ತುಳಿಯುತ್ತೇನೆ. ಸೈಕಲ್ ಸಾಧಾರಣ ಹೈಬ್ರಿಡ್, ಅಂದರೆ ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನದು. ಜೊತೆಗೆ ಹೊರುವುದು ಲ್ಯಾಪ್‌ಟಾಪ್, ಊಟದ ಡಬ್ಬಿ, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ದಪ್ಪ ಬೀಗ. ತೂಕ ಹಾಕಿ ನೋಡಿದೆ, ಆರೂವರೆ ಕೆ.ಜಿ.

ಸೈಕಲ್ ಕೊಳ್ಳಲು ಹೊರಟವರು ಗೇರ್ ಎಷ್ಟು, ತೂಕ ಎಷ್ಟು ಅಂತ ವಿಚಾರಿಸುತ್ತಾರೆ. ನಾನೂ ಅದನ್ನೇ ವಿಚಾರಿಸಿದ್ದೆ. ಎರಡು ವರ್ಷದಲ್ಲಿ ನಾನು ಸೈಕಲ್ ಬಿಟ್ಟು ಆಟೋ ಹತ್ತಿದ ದಿನಗಳನ್ನು ನೆನೆಸಿಕೊಂಡರೆ, ಗೇರ್ ಸಾಲದೆ ಹತ್ತಿದ್ದು ಒಂದೂ ಇಲ್ಲ. ಬೆನ್ನು ನೋವು, ಮಳೆ, ಪಂಕ್ಚರ್. ಈ ಮೂರೇ. ಹಾಗಾಗಿ ಖರ್ಚು ಮಾಡಬೇಕಾದ್ದೂ ಅಲ್ಲೇ.

ಮೊದಲ ಮೂರು ತಿಂಗಳು ಬ್ಯಾಕ್‌ಪ್ಯಾಕ್. ಮನೆಯಲ್ಲೇ ಇತ್ತು, ಖರ್ಚಿಲ್ಲ. ಇಳಿದ ತಕ್ಷಣ ಹಾಗೇ ನಡೆದುಬಿಡಬಹುದು. ಹಂಪ್ ಹಾರಿದರೂ ಲ್ಯಾಪ್‌ಟಾಪ್‌ಗೆ ಪೆಟ್ಟು ಬೀಳುವುದಿಲ್ಲ, ಮೈಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಮೂರು ಕಿ.ಮೀ. ಒಳಗಿನ ದಾರಿಗೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಒಂಬತ್ತು ಕಿ.ಮೀ.ಗೆ ಮಾತ್ರ ಬೇರೆ ಕತೆ. ಡಿಸೆಂಬರ್ ಚಳಿಯಲ್ಲೂ ಆಫೀಸಿಗೆ ಬಂದು ಬ್ಯಾಗ್ ಇಳಿಸಿದರೆ ಅಂಗಿಯ ಮೇಲೆ ಬ್ಯಾಗಿನದೇ ಆಕಾರದಲ್ಲಿ ಒದ್ದೆ. ಏಪ್ರಿಲ್‌ನಲ್ಲಂತೂ ಬಿಡಿ. ಮುಂದೆ ಬಾಗಿ ಕೂತಾಗ ಭಾರವೆಲ್ಲ ಹೆಗಲಿಂದ ಅಂಗೈಗೆ ಇಳಿಯುತ್ತದೆ, ಎರಡನೇ ತಿಂಗಳಿಗೆ ಕಿರುಬೆರಳು ಜೋಮು ಹಿಡಿಯಲು ಶುರುವಾಯಿತು.

ಆಮೇಲೆ ಮುಂದಿನ ಬುಟ್ಟಿ. ಹ್ಯಾಂಡಲ್‌ಗೆ ಸಿಕ್ಕಿಸುವ ತಂತಿ ಬುಟ್ಟಿ, ಕೊಂಡ ದಿನ ತುಂಬಾ ಇಷ್ಟವಾಗಿತ್ತು. ಸಾಮಾನು ಕಣ್ಣೆದುರೇ ಇರುತ್ತದೆ. ದಾರಿಯಲ್ಲಿ ಸೊಪ್ಪು ಕಂಡರೆ ನಿಲ್ಲಿಸಿ ಒಳಗೆ ಹಾಕಿಕೊಂಡು ಹೊರಟರಾಯಿತು. ಆದರೆ ಇಂಥ ಬುಟ್ಟಿಯ ಭಾರ ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಎರಡು ಕೆ.ಜಿ. ತನಕ ಗೊತ್ತಾಗುವುದಿಲ್ಲ. ಐದು ದಾಟಿದರೆ ನಿಧಾನಕ್ಕೆ ಹೋಗುವಾಗ ಮುಂದಿನ ಗಾಲಿ ತಾನೇ ಒಂದು ಕಡೆ ವಾಲುತ್ತದೆ. ನಮ್ಮ ಸಿಗ್ನಲ್‌ಗಳಲ್ಲಿ ನಡಿಗೆಯ ವೇಗದಲ್ಲಿ, ಬೈಕುಗಳ ಸಂದಿಯಲ್ಲಿ ನುಸುಳಬೇಕಲ್ವಾ, ಅಲ್ಲೇ ಇದರ ಕಷ್ಟ. ಒಂದು ದಿನ ಆಡುಗೋಡಿಯ ಹತ್ತಿರ ಹಂಪ್ ಹಾರಿದಾಗ ಡಬ್ಬಿಯ ಮುಚ್ಚಳ ಕಳಚಿ, ಸಾರು ಬುಟ್ಟಿಯ ಕಣ್ಣುಗಳಿಂದ ಮುಂದಿನ ಟೈರಿನ ಮೇಲೆ ಸುರಿಯಿತು. ಆ ದಿನದಿಂದ ಬುಟ್ಟಿ ತರಕಾರಿಗೆ ಮಾತ್ರ.

ಮೂರನೆಯದು ಹಿಂದಿನ ಕ್ಯಾರಿಯರ್, ಅದಕ್ಕೆ ಪಕ್ಕದಲ್ಲಿ ನೇತು ಹಾಕುವ ಪ್ಯಾನಿಯರ್ ಚೀಲ. ಕ್ಯಾರಿಯರ್ 1,400 ರೂಪಾಯಿ, ಮಳೆ ನೀರು ಒಳಗೆ ಹೋಗದ ಚೀಲ 3,200. ದುಬಾರಿಯೇ. ಆದರೆ ಮೊದಲ ಬೆಳಗ್ಗೆ ಗೇಟು ದಾಟುತ್ತಲೇ ಬೆನ್ನಿಗೆ ಗಾಳಿ ತಾಗಿತು. ಇಷ್ಟು ದಿನ ಯಾಕೆ ಹೊತ್ತೆ ಅನ್ನಿಸಿತು.

ಈ ಚೀಲ ಸುಮ್ನೆ ತಗುಲಿಸಿದರೆ ಸರಿಹೋಗುವುದಿಲ್ಲ, ಸ್ವಲ್ಪ ಕೂತು ಹೊಂದಿಸಬೇಕು. ಮೊದಲನೆಯದು ಹಿಮ್ಮಡಿ. ಪೆಡಲ್ ಹಿಂದಕ್ಕೆ ಬಂದಾಗಲೆಲ್ಲ ನನ್ನ ಹಿಮ್ಮಡಿ ಚೀಲಕ್ಕೆ ಬಡಿಯುತ್ತಿತ್ತು. ಕೊಕ್ಕೆಗಳ ಸ್ಕ್ರೂ ಸಡಿಲಿಸಿ ಚೀಲವನ್ನು ಮೂರು ಬೆರಳಿನಷ್ಟು ಹಿಂದೆ ಸರಿಸಿದೆ, ನಿಂತಿತು. ಎರಡನೆಯದು ಸದ್ದು. ಕೊಕ್ಕೆ ಕ್ಯಾರಿಯರ್ ಕಂಬಿಗಿಂತ ಅಗಲ, ಗುಂಡಿ ಬಂದಾಗಲೆಲ್ಲ ಕಟಕಟ. ಹಳೇ ಟ್ಯೂಬನ್ನು ಪಟ್ಟಿ ಮಾಡಿ ಕತ್ತರಿಸಿ ಕಂಬಿಗೆ ಎರಡು ಸುತ್ತು ಸುತ್ತಿದೆ. ಈಗ ಕೊಕ್ಕೆ ಕಚ್ಚಿ ಕೂರುತ್ತದೆ, ಕಂಬಿಯ ಬಣ್ಣವೂ ಉಳಿದಿದೆ.

ಮೂರನೆಯದು ಬೋಲ್ಟ್, ಇದನ್ನು ದಯವಿಟ್ಟು ಗಮನಿಸಿ. ಅಂಗಡಿಯಲ್ಲಿ ಕ್ಯಾರಿಯರ್ ಕೂರಿಸಿದವರು ವಾಷರ್ ಇಲ್ಲದೆ ಬರೀ ಬೋಲ್ಟ್ ಬಿಗಿದಿದ್ದರು. ಇಪ್ಪತ್ತು ದಿನಕ್ಕೆ ಎಡಗಡೆಯದು ಅಲುಗಾಡಿ ಬಿದ್ದುಹೋಯಿತು. ಈಜಿಪುರದ ಹತ್ತಿರ ಕ್ಯಾರಿಯರ್ ಒಂದು ಕಡೆ ಕುಸಿದು ಚೀಲ ಗಾಲಿಗೆ ಉಜ್ಜಿತು. ನಿಧಾನಕ್ಕಿದ್ದೆ, ಬೀಳಲಿಲ್ಲ. ಕಡ್ಡಿಗಳಿಗೆ ಸಿಕ್ಕಿದ್ದರೆ ಗಾಲಿಯೇ ಹಿಡಿದುಬಿಡುತ್ತಿತ್ತು. ಈಗ ಒಳಗಡೆ ನೈಲಾನ್ ಉಂಗುರ ಇರುವ ನಟ್ ಹಾಕಿದ್ದೇನೆ, ಅದು ಅದುರಿದರೂ ಸುಲಭಕ್ಕೆ ಸಡಿಲವಾಗುವುದಿಲ್ಲ. ಆದರೂ ತಿಂಗಳಿಗೊಮ್ಮೆ ಅಲೆನ್ ಕೀ ಹಿಡಿದು ನಾಲ್ಕೂ ಬೋಲ್ಟ್ ನೋಡುತ್ತೇನೆ. ಕ್ಯಾರಿಯರ್ ಮೇಲೆ ಎಷ್ಟು ಕೆ.ಜಿ. ತಡೆಯುತ್ತದೆ ಅಂತ ಬರೆದಿರುತ್ತದೆ, ನನ್ನದರ ಮೇಲೆ 25 ಅಂತಿದೆ.

ಟೈರಿನ ಹೋಲಿಕೆ ನನಗೇ ಅಚ್ಚರಿ ತಂದಿತು. ಸೈಕಲ್ ಜೊತೆ ಬಂದದ್ದು 28 ಮಿ.ಮೀ. ಅಗಲದ್ದು, 85 ಪಿಎಸ್ಐ ಗಾಳಿಯ ಒತ್ತಡದಲ್ಲಿ ಓಡಿಸುತ್ತಿದ್ದೆ. ಆಮೇಲೆ 38 ಮಿ.ಮೀ. ಹಾಕಿಸಿದೆ, ಹಿಂದೆ 55, ಮುಂದೆ 50. ಅಗಲದ ಟೈರು ಎಳೆಯುತ್ತದೆ, ಲೇಟಾಗುತ್ತದೆ ಅಂತ ಹೆದರಿದ್ದೆ. ಮೊದಲು 34 ನಿಮಿಷ ಹಿಡಿಯುತ್ತಿದ್ದ ದಾರಿ ಈಗ 35. ಸಿಗ್ನಲ್ಲಿನ ಒಂದು ಕೆಂಪು ದೀಪಕ್ಕೆ ಸಮ, ಅಷ್ಟೇ. ಪಂಕ್ಚರ್ ಮಾತ್ರ ಮೊದಲಿನ ನಾಲ್ಕು ತಿಂಗಳಲ್ಲಿ ನಾಲ್ಕು, ಆಮೇಲಿನ ಐದು ತಿಂಗಳಲ್ಲಿ ಒಂದು. ಇನ್ನೊಂದು ಲಾಭ ಕಾಂಕ್ರೀಟ್ ರಸ್ತೆಯಲ್ಲಿ ಗೊತ್ತಾಯಿತು. ವೈಟ್ ಟಾಪಿಂಗ್ ಮಾಡಿದ ಕಡೆ ಎರಡು ಹಾಸಿನ ನಡುವೆ ಉದ್ದಕ್ಕೂ ಸಂದಿ ಇರುತ್ತದೆ. ಅದು ಬಾಯಿ ಬಿಟ್ಟ ಕಡೆ ಸಣ್ಣ ಟೈರು ಇಳಿದರೆ ಹ್ಯಾಂಡಲ್ ಕೈ ತಪ್ಪುತ್ತದೆ. 38 ಅದರ ಮೇಲೆ ಹಾದು ಹೋಗುತ್ತದೆ. ಕೊಳ್ಳುವ ಮೊದಲು ಫ್ರೇಮ್ ಮತ್ತು ಮುಂದಿನ ಗಾಲಿ ಹಿಡಿಯುವ ಫೋರ್ಕ್‌ನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಮಡ್‌ಗಾರ್ಡ್ ಕೂಡ ಬರಬೇಕಲ್ವಾ, ಅದಕ್ಕೂ ಜಾಗ ಬಿಡಿ.

ಮಡ್‌ಗಾರ್ಡ್‌ನಲ್ಲಿ ಎರಡು ಮಾತಿಲ್ಲ. ಸೀಟಿನ ಕೆಳಗೆ ಸಿಕ್ಕಿಸುವ ಗಿಡ್ಡ ಪ್ಲಾಸ್ಟಿಕ್ ಬೆನ್ನನ್ನು ಅರ್ಧಂಬರ್ಧ ಕಾಯುತ್ತದೆ. ಮುಂದಿನ ಗಾಲಿಯ ಕೆಸರು ನೇರ ಶೂ ಮತ್ತು ಚೈನಿಗೆ ಹೊಡೆಯುತ್ತದೆ. ಸೈಕಲ್ಲಿಗೆ ಬಿಗಿಯುವ ತಂತಿ ಕಡ್ಡಿಗಳ ಮೇಲೆ ನಿಲ್ಲುವ ಪೂರ್ತಿ ಉದ್ದದ್ದೇ ಹಾಕಿಸಿ. ಮುಂದಿನದರ ತುದಿಗೆ ರಬ್ಬರ್ ಹಾಳೆಯ ನಾಲಿಗೆ ಕಟ್ಟಿ, ನೆಲದಿಂದ ಗೇಣಿನ ಅರ್ಧದಷ್ಟು ಮೇಲೆ ನಿಲ್ಲುವ ಹಾಗೆ. ಸೆಪ್ಟೆಂಬರ್, ಅಕ್ಟೋಬರ್ ಸಂಜೆ ಮಳೆಯಲ್ಲಿ ಇದನ್ನು ಹಾಕಿದ ಮೇಲೆ ನನ್ನ ಸಾಕ್ಸ್ ಕೆಸರಾಗಿಲ್ಲ.

ದೀಪಕ್ಕೆ ಟೈರಿಗೆ ಉಜ್ಜುವ ಹಳೇ ಡೈನಮೊವನ್ನೂ ಹಾಕಿ ನೋಡಿದೆ. ಅಪ್ಪನ ಸೈಕಲ್ಲಿನಲ್ಲಿದ್ದ ಆ ಗುಂಯ್ ಸದ್ದಿನ ಮೇಲೆ ಪ್ರೀತಿ. ಚಾರ್ಜ್ ಮಾಡುವ ಗೋಜಿಲ್ಲ. ಆದರೆ ನಿಂತಾಗ ಆರುತ್ತದೆ, ಮಳೆಯಲ್ಲಿ ಜಾರುತ್ತದೆ. ಕತ್ತಲಲ್ಲಿ ರಸ್ತೆ ನಡುವೆ ಬಲಕ್ಕೆ ತಿರುಗಲು ನಿಂತಾಗಲೇ ದೀಪ ಜಾಸ್ತಿ ಬೇಕು. ಹಾಗಾಗಿ ಯುಎಸ್‌ಬಿಯಲ್ಲಿ ಚಾರ್ಜ್ ಆಗುವ 400 ಲೂಮೆನ್ಸ್ ಬೆಳಕಿನದು ಮುಂದೆ, ಕೆಂಪು ದೀಪ ಕ್ಯಾರಿಯರ್ ಹಿಂದೆ. ಮುಂದಿನದನ್ನು ನೆಲಕ್ಕೆ ಬಾಗಿಸಿ ಇಡಿ, ಎದುರು ಬರುವವರ ಕಣ್ಣಿಗೆ ಹೊಡೆಯಬಾರದು.

ಈಗ ಉಳಿದಿರುವುದು ಸ್ಟ್ಯಾಂಡ್. ಚೀಲವನ್ನು ಎಡಕ್ಕೆ ಹಾಕುತ್ತೇನೆ. ಬಲಗಡೆಯಿಂದ ಬೈಕುಗಳು ಸವರಿಕೊಂಡು ಹೋಗುತ್ತವೆ, ಚೈನಿನ ಎಣ್ಣೆಯೂ ಆ ಕಡೆಯೇ. ಆದರೆ ಒಂಟಿ ಕಾಲಿನ ಸ್ಟ್ಯಾಂಡ್ ಇರುವುದೂ ಎಡಕ್ಕೆ. ತುಂಬಿದ ಚೀಲ ಇದ್ದರೆ ಸೈಕಲ್ ಅದೇ ಕಡೆ ಮಗುಚಿ ಬೀಳುತ್ತದೆ. ಸದ್ಯಕ್ಕೆ ಹೊರಡುವಾಗ ಕೊನೆಗೆ ಚೀಲ ಹಾಕುತ್ತೇನೆ, ಇಳಿದಾಗ ಮೊದಲು ಚೀಲ ತೆಗೆಯುತ್ತೇನೆ. ಸಂಬಳ ಬಂದ ಮೇಲೆ ಎರಡು ಕಾಲಿನ ಸ್ಟ್ಯಾಂಡ್ ಹಾಕಿಸುವ ಯೋಚನೆ ಇದೆ. ನೇರ ನಿಲ್ಲಿಸಿ ಹಿಂದಿನ ಗಾಲಿ ತಿರುಗಿಸುತ್ತಾ ಚೈನಿಗೆ ಎಣ್ಣೆ ಬಿಡುವುದಕ್ಕೂ ಅದು ಸಲೀಸು.