ತಾಲ್ಲೂಕು ಆಸ್ಪತ್ರೆಯ ಸೆಲ್ ಕೌಂಟರ್: ಯಂತ್ರ ಪಾಸು, ಖರೀದಿ ನಪಾಸು

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಾವು ಬಳಸುತ್ತಿರುವ ತ್ರೀ ಪಾರ್ಟ್ ಸೆಲ್ ಕೌಂಟರ್, ಅಂದರೆ ರಕ್ತಕಣಗಳನ್ನು ಎಣಿಸುವ ಯಂತ್ರ, ಹೇಗಿದೆ ಎಂದು ಬೇರೆ ಆಸ್ಪತ್ರೆಗಳ ಸಹೋದ್ಯೋಗಿಗಳು ಆಗಾಗ ಕೇಳುವುದರಿಂದ ಈ ವಿಮರ್ಶೆ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ದರ್ಜೆಯ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ತತ್ವದ ಮೇಲೆ ನಡೆಯುತ್ತವೆ. ನನ್ನ ತಕರಾರು ಇರುವುದೂ ಯಂತ್ರದ ಮೇಲಲ್ಲ, ಅದನ್ನು ಕೊಂಡ ರೀತಿಯ ಮೇಲೆ.

ಮೊದಲು ಯಂತ್ರದ ಗುಣ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕಿದ ನೇರಳೆ ಮುಚ್ಚಳದ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ ಸೂಜಿಗೆ ಹಿಡಿದರೆ, ಒಂದು ಹನಿಗಿಂತ ಕಡಿಮೆ ರಕ್ತವನ್ನು ಎಳೆದುಕೊಂಡು, ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಸೇರಿದಂತೆ ಎಲ್ಲ ಅಂಕಿಗಳನ್ನೂ ಅದು ಒಂದೆರಡು ನಿಮಿಷದಲ್ಲಿ ಕೊಡುತ್ತದೆ. ಸಣ್ಣ ರಂಧ್ರವೊಂದರಲ್ಲಿ ಕಣಗಳು ಹಾಯುವಾಗ ವಿದ್ಯುತ್ ರೋಧದಲ್ಲಾಗುವ ಬದಲಾವಣೆಯನ್ನು ಎಣಿಸುವ ಈ ವಿಧಾನಕ್ಕೆ ವ್ಯಾಲೇಸ್ ಕೋಲ್ಟರ್ ಪೇಟೆಂಟ್ ಪಡೆದದ್ದು 1953ರಲ್ಲಿ. ಕೈಯಿಂದ ಕಣ ಎಣಿಸುವ ಗಾಜಿನ ಪಟ್ಟಿಯಾದ ನ್ಯೂಬಾರ್ ಚೇಂಬರಿನ ಚೌಕಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತ ಕೂರುತ್ತಿದ್ದವರಿಗೆ ಇದು ದೊಡ್ಡ ಬಿಡುಗಡೆ. ರೋಗಿಗೂ ಅಷ್ಟೇ: ವರದಿಗೆ ನಾಳೆ ಬನ್ನಿ ಎಂದರೆ “ಹೆಣ್ಮಕ್ಕಳಿಗೆ ಬಸ್ ಫ್ರೀ ಐತಿ, ನಮಗ ಯಾರ್ ಕೊಡ್ತಾರ್ರಿ ಚಾರ್ಜು?” ಎಂದು ಕೇಳುತ್ತಿದ್ದ ಗಂಡಸರು ಈಗ ಮಧ್ಯಾಹ್ನದೊಳಗೆ ವರದಿ ಹಿಡಿದು ವೈದ್ಯರ ಕೋಣೆಗೆ ಹೋಗುತ್ತಾರೆ.

ಆದರೆ ಮಳೆಗಾಲದ ಡೆಂಗಿ ದಿನಗಳಲ್ಲಿ ಅದು ಕೊಡುವ ಪ್ಲೇಟ್‌ಲೆಟ್ ಅಂಕಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಯಂತ್ರಕ್ಕೆ ತಿಳಿಯುವುದು ಕಣದ ಗಾತ್ರ ಮಾತ್ರ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಕೆಂಪು ಕಣಗಳು ಚಿಕ್ಕದಾಗಿರುತ್ತವೆ. ಅವುಗಳಲ್ಲಿ ತೀರ ಚಿಕ್ಕವನ್ನೂ ಕಣಗಳ ಚೂರುಗಳನ್ನೂ ಅದು ಪ್ಲೇಟ್‌ಲೆಟ್ ಎಂದು ಲೆಕ್ಕ ಹಾಕಿ, ನಿಜವಾಗಿ ಇಳಿದಿರುವ ಸಂಖ್ಯೆಯನ್ನು ಏರಿಸಿ ತೋರಿಸಬಹುದು. ಇದಕ್ಕೆ ವಿರುದ್ಧವಾಗಿ, ಇಡಿಟಿಎಯಿಂದಾಗಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿದರೆ ಇಲ್ಲದ ಕುಸಿತ ಕಾಣಿಸುತ್ತದೆ. ಪರದೆಯ ಮೇಲಿನ ಹಿಸ್ಟೋಗ್ರಾಂನ, ಅಂದರೆ ಕಣಗಳ ಗಾತ್ರ ತೋರಿಸುವ ಗ್ರಾಫಿನ, ಬಾಲ ತಳಕ್ಕೆ ಇಳಿಯದೆ ಎತ್ತರದಲ್ಲೇ ಉಳಿದಿದ್ದರೆ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಹಾಗೆಯೇ, ಬಿಳಿ ಕಣಗಳನ್ನು ಮೂರೇ ಗುಂಪು ಮಾಡುವ ಈ ತ್ರೀ ಪಾರ್ಟ್ ಯಂತ್ರ ಇಯೊಸಿನೊಫಿಲ್ ಎಂಬ ಬಿಳಿ ಕಣಗಳನ್ನು ಬೇರೆಯಾಗಿ ಎಣಿಸುವುದಿಲ್ಲ. ಅಲರ್ಜಿ, ಜಂತುಹುಳುವಿನ ರೋಗಿಗಳು ಹೆಚ್ಚಾಗಿ ಬರುವ ಆಸ್ಪತ್ರೆಗೆ ಅದಕ್ಕೆ ಐದು ಗುಂಪು ಮಾಡುವ ಫೈವ್ ಪಾರ್ಟ್ ಯಂತ್ರವೇ ಬೇಕು, ಇಲ್ಲವೇ ಸ್ಲೈಡ್ ಓದಲು ಬಿಡುವಿರುವ ತಂತ್ರಜ್ಞ ಬೇಕು.

ಇನ್ನು ಖರೀದಿಯ ಮಾತು. ನಮ್ಮದು ಕ್ಲೋಸ್ಡ್ ಸಿಸ್ಟಮ್. ರಕ್ತವನ್ನು ತೆಳುಗೊಳಿಸುವ ಡೈಲ್ಯುಯೆಂಟ್, ಕೆಂಪು ಕಣ ಒಡೆಯುವ ಲೈಸ್, ತೊಳೆಯುವ ಕ್ಲೀನರ್ ಈ ಮೂರೂ ದ್ರಾವಣಗಳನ್ನು ಅದೇ ಕಂಪನಿಯಿಂದ ತರಿಸಬೇಕು. ಕ್ಯಾನಿನ ಜತೆ ಬರುವ ಕಾರ್ಡನ್ನು ತೋರಿಸದಿದ್ದರೆ ಯಂತ್ರ ಮುಂದೆ ಹೋಗುವುದಿಲ್ಲ. ಯಾರೂ ಮೊದಲು ಲೆಕ್ಕ ಹಾಕದ ಇನ್ನೊಂದು ಖರ್ಚಿದೆ. ಬೆಳಿಗ್ಗೆ ಯಂತ್ರ ಶುರುವಾಗುವಾಗ ತನ್ನನ್ನು ತಾನು ತೊಳೆದುಕೊಂಡು ಖಾಲಿ ಎಣಿಕೆ ಮಾಡುತ್ತದೆ, ಸಂಜೆ ನಿಲ್ಲಿಸುವಾಗ ಮತ್ತೆ ತೊಳೆದುಕೊಳ್ಳುತ್ತದೆ, ರಂಧ್ರ ಕಟ್ಟಿಕೊಂಡರೆ ನಡುವೆಯೂ ತೊಳೆಯಬೇಕು. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟ ದಿನ ಈ ಶಾಸ್ತ್ರವೆಲ್ಲ ಮೊದಲಿನಿಂದ. ದಿನಕ್ಕೆ ನೂರು ಮಾದರಿ ಬರುವ ಕಡೆ ಈ ದ್ರಾವಣದ ಖರ್ಚು ಹಂಚಿಹೋಗುತ್ತದೆ. ಹತ್ತೋ ಹದಿನೈದೋ ಬರುವ ಕಡೆ ಪ್ರತಿ ಪರೀಕ್ಷೆಯ ಮೇಲೆ ಅದು ಭಾರವಾಗಿ ಕೂರುತ್ತದೆ. ಗುಣಮಟ್ಟ ಪರೀಕ್ಷೆಗೆ ಬೇಕಾದ ಕಂಟ್ರೋಲ್ ರಕ್ತದ ಬಾಳಿಕೆ ಕಡಿಮೆ, ಫ್ರಿಜ್ಜಿನಲ್ಲೇ ಇಡಬೇಕು, ಮತ್ತು ಇಂಡೆಂಟಿನಲ್ಲಿ, ಅಂದರೆ ಸಾಮಗ್ರಿಯ ಬೇಡಿಕೆ ಪಟ್ಟಿಯಲ್ಲಿ, ಬಿಟ್ಟುಹೋಗುವುದು ಯಾವಾಗಲೂ ಅದೇ.

ಟೆಂಡರಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದ್ದು. ಈಗ ರಾಜ್ಯದ ಟೆಂಡರುಗಳು ಕೆಪಿಪಿಪಿ ಎಂಬ ಸರ್ಕಾರಿ ಖರೀದಿ ಪೋರ್ಟಲಿನಲ್ಲಿ ನಡೆಯುತ್ತವೆ, ಕೇಂದ್ರ ಸರ್ಕಾರದ ಸಂಸ್ಥೆಗಳು 2016ರಲ್ಲಿ ಬಂದ ಜೆಮ್ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಕೊಳ್ಳುತ್ತವೆ. ಪಾರದರ್ಶಕತೆಯ ದೃಷ್ಟಿಯಿಂದ ಇವು ಹಳೆಯ ಲಕೋಟೆಗಳ ಕಾಲಕ್ಕಿಂತ ಎಷ್ಟೋ ಮೇಲು. ಆದರೆ ಟೆಂಡರ್ ಬರೆದವರು ಪೆಟ್ಟಿಗೆಯ, ಅಂದರೆ ಬರೀ ಯಂತ್ರದ, ಬೆಲೆಯನ್ನಷ್ಟೇ ಕೇಳಿದ್ದರೆ ಪೋರ್ಟಲ್ ಕೂಡ ಪೆಟ್ಟಿಗೆಯ ಬೆಲೆಯಲ್ಲೇ ಎಲ್ ಒನ್, ಅಂದರೆ ಅತಿ ಕಡಿಮೆ ದರ ಹೇಳಿದವರು, ಯಾರೆಂದು ಹೇಳುತ್ತದೆ. ಉದಾಹರಣೆಗೆ, ಒಂದು ಯಂತ್ರಕ್ಕೆ 1.5 ಲಕ್ಷ ರೂಪಾಯಿ, ಅದರಲ್ಲಿ ಪರೀಕ್ಷೆಯೊಂದಕ್ಕೆ ದ್ರಾವಣದ ಖರ್ಚು 25 ರೂಪಾಯಿ, ಇನ್ನೊಂದಕ್ಕೆ 2.25 ಲಕ್ಷ, ಪರೀಕ್ಷೆಗೆ 15 ರೂಪಾಯಿ ಎಂದುಕೊಳ್ಳಿ. ವರ್ಷಕ್ಕೆ 12,000 ಪರೀಕ್ಷೆಯಂತೆ ಐದು ವರ್ಷಕ್ಕೆ ಮೊದಲನೆಯದು 16.5 ಲಕ್ಷ ನುಂಗಿದರೆ ಎರಡನೆಯದು 11.25 ಲಕ್ಷದಲ್ಲಿ ಮುಗಿಯುತ್ತದೆ. ಆದರೂ ಟೆಂಡರ್ ಗೆಲ್ಲುವುದು ಮೊದಲನೆಯದೇ. ಮುಂದಿನ ಐದು ವರ್ಷ ದ್ರಾವಣದ ಬಿಲ್ಲಿಗಾಗಿ ಆರೋಗ್ಯ ರಕ್ಷಾ ಸಮಿತಿಯ ನಿಧಿಯನ್ನು ಕೆರೆಯುವ ಕೆಲಸ ಆಡಳಿತ ವೈದ್ಯಾಧಿಕಾರಿಗಳ ತಲೆಗೆ ಬರುತ್ತದೆ.

ಇದಕ್ಕೆ ಪರಿಹಾರವೆಂದು ಈಚೆಗೆ ಹೆಚ್ಚು ಕೇಳಿಬರುತ್ತಿರುವುದು ರೀಏಜೆಂಟ್ ರೆಂಟಲ್. ಕಂಪನಿ ಯಂತ್ರವನ್ನು ಬಿಟ್ಟಿ ಇಡುತ್ತದೆ, ಆಸ್ಪತ್ರೆ ಪರೀಕ್ಷೆಗಿಷ್ಟು ಎಂದು ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ ಜಿಲ್ಲಾ ಆಸ್ಪತ್ರೆಗೆ ಇದು ಹೊಂದುತ್ತದೆ; ಚಿಕ್ಕ ಆಸ್ಪತ್ರೆ ಹುಷಾರಾಗಿರಬೇಕು, ಏಕೆಂದರೆ ತಿಂಗಳಿಗೆ ಕನಿಷ್ಠ ಇಷ್ಟು ಪರೀಕ್ಷೆ ಎಂಬ ಷರತ್ತು ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತದೆ. ಹಣ ಕೊಡುವುದು ರೋಗಿಗೆ ಕೊಟ್ಟ ವರದಿಗೋ, ಯಂತ್ರ ಎಣಿಸಿದ ಪ್ರತಿ ಸಲಕ್ಕೋ ಎಂಬುದನ್ನೂ ಬಿಡಿಸಿ ಬರೆಸಬೇಕು. ಕಂಟ್ರೋಲ್‌ಗೂ ಮರುಪರೀಕ್ಷೆಗೂ ಬಿಲ್ ಬಂದರೆ ಅಗ್ಗದ ಮಾತು ಅಲ್ಲಿಗೇ ಮುಗಿಯಿತು.

ದುರಸ್ತಿಯಲ್ಲಿ ನಮ್ಮ ಅನುಭವ ಅಷ್ಟಕ್ಕಷ್ಟೆ. ಹುಬ್ಬಳ್ಳಿಯಿಂದ ಎಂಜಿನಿಯರ್ ಮರುದಿನವೇ ಬಂದರೂ ಬಿಡಿಭಾಗ ಬರುವುದು ಅವರ ಹಿಂದೆ ನಿಧಾನವಾಗಿ. ವಾರಂಟಿ ಮುಗಿದ ಮೇಲಿನ ನಿರ್ವಹಣಾ ಒಪ್ಪಂದಗಳಲ್ಲಿ ಎಎಂಸಿ ಎಂದರೆ ಎಂಜಿನಿಯರ್ ಕೂಲಿ ಮಾತ್ರ, ಸಿಎಂಸಿ ಎಂದರೆ ಬಿಡಿಭಾಗವೂ ಸೇರಿ; ಟೆಂಡರಿನ ದಿನವೇ ಸಿಎಂಸಿ ದರವನ್ನು ಗಟ್ಟಿ ಮಾಡಿಕೊಳ್ಳದವರು ಆಮೇಲೆ ಕಂಪನಿ ಹೇಳಿದ ದರಕ್ಕೆ ತಲೆಬಾಗಬೇಕು. ವಾರಂಟಿ ಶುರುವಾಗಬೇಕಾದದ್ದು ಯಂತ್ರ ಅಳವಡಿಸಿದ ದಿನದಿಂದ. ಅರ್ಥಿಂಗ್ ಆಗಿಲ್ಲ, ಯುಪಿಎಸ್ ಬಂದಿಲ್ಲ ಎಂದು ಪೆಟ್ಟಿಗೆ ಉಗ್ರಾಣದಲ್ಲೇ ಉಳಿದು ವಾರಂಟಿ ಕರಗುವುದು ಅಪರೂಪವಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಉಪಕರಣ ನಿರ್ವಹಣಾ ಕಾರ್ಯಕ್ರಮ 2015ರಲ್ಲಿ ಆರಂಭವಾದಾಗ, ಜಿಲ್ಲಾ ಆಸ್ಪತ್ರೆಗಳ ಉಪಕರಣಗಳು 95 ಶೇಕಡ, ಸಮುದಾಯ ಆರೋಗ್ಯ ಕೇಂದ್ರಗಳವು 90, ಪ್ರಾಥಮಿಕ ಆರೋಗ್ಯ ಕೇಂದ್ರಗಳವು 80 ಶೇಕಡ ಸಮಯ ಚಾಲ್ತಿಯಲ್ಲಿರಬೇಕೆಂಬ ಗುರಿ ಇಟ್ಟಿತ್ತು. ಖರೀದಿ ಒಪ್ಪಂದಕ್ಕೂ ಇಂಥದೇ ಅಂಕಿ ಬೇಕು, ತಪ್ಪಿದರೆ ದಂಡವೂ ಬೇಕು.

ಗಣಕಕ್ಕೆ ಜೋಡಿಸುವ ವಿಷಯ ಚುಟುಕಾಗಿ: ಯಂತ್ರದ ಹಿಂದೆ ಪೋರ್ಟ್ ಇದೆ, ಆಸ್ಪತ್ರೆಯಲ್ಲಿ ಇ-ಹಾಸ್ಪಿಟಲ್ ತಂತ್ರಾಂಶ ಇದೆ, ನಡುವಿನ ತಂತಿಯನ್ನೂ ಪ್ರೋಗ್ರಾಮನ್ನೂ ಯಾರು ಹಾಕಬೇಕೆಂದು ಟೆಂಡರಿನಲ್ಲಿ ಇರಲಿಲ್ಲ. ಹೀಗಾಗಿ ಪರದೆ ನೋಡಿ ರಿಜಿಸ್ಟರಿಗೆ ಬರೆದು, ರಿಜಿಸ್ಟರ್ ನೋಡಿ ಗಣಕಕ್ಕೆ ಹೊಡೆಯುತ್ತೇವೆ.

ದಿನಕ್ಕೆ ಮೂವತ್ತು ನಲವತ್ತಕ್ಕಿಂತ ಹೆಚ್ಚು ಮಾದರಿ ಬರುವ ತಾಲ್ಲೂಕು ಆಸ್ಪತ್ರೆ ಈ ದರ್ಜೆಯ ಯಂತ್ರವನ್ನು ಧಾರಾಳವಾಗಿ ಕೊಳ್ಳಬಹುದು, ಬೇರೆ ಕಂಪನಿಗಳ ದ್ರಾವಣವನ್ನೂ ಬಳಸಬಹುದಾದ ಓಪನ್ ಸಿಸ್ಟಮ್ ಸಿಕ್ಕರೆ ಇನ್ನೂ ಒಳ್ಳೆಯದು. ಟೆಂಡರಿನ ತಾಂತ್ರಿಕ ಭಾಗವನ್ನು ಒಪ್ಪುವ ಮೊದಲು ಕಂಪನಿಯವರನ್ನು ಕರೆಸಿ, ಅವರು ತಂದ ಮಾದರಿಯನ್ನು ಪಕ್ಕಕ್ಕಿಟ್ಟು, ನಿಮ್ಮ ವಾರ್ಡಿನ ರಕ್ತಹೀನತೆಯ ರೋಗಿಗಳ ಮತ್ತು ಜ್ವರದ ರೋಗಿಗಳ ರಕ್ತವನ್ನೇ ಅವರ ಯಂತ್ರದಲ್ಲಿ ಹಾಕಿಸಿ, ಬಂದ ಪ್ಲೇಟ್‌ಲೆಟ್ ಅಂಕಿಯನ್ನು ನಿಮ್ಮ ಸ್ಲೈಡಿನೊಂದಿಗೆ ತಾಳೆ ನೋಡಿ.