ವಿಝರ್ಡ್ ಆಡೋರು 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ತಗೋಬೇಕಾ?

ದಾಳ ಉರುಳಿಸ್ಕೊಂಡು ಕಥೆ ಕಟ್ಟಿ ಆಡೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ರೂಲ್ಸ್ ಪುಸ್ತಕ ಇದು. ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿರೋದು ಇಡೀ ಪುಸ್ತಕದ ರಿವ್ಯೂ ಅಲ್ಲ. 384 ಪುಟ ಇದೆ, ಹನ್ನೆರಡು ಕ್ಲಾಸ್ (ಅಂದ್ರೆ ಆಡೋ ಪಾತ್ರದ ಬಗೆ) ಇದೆ, ಫೈಟರ್ ಬಗ್ಗೆ ಬಾರ್ಬೇರಿಯನ್ ಬಗ್ಗೆ ಬರೆಯೋಕೆ ಬೇರೆ ಜನ ಇದಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ನಾನು ಆಡೋದು ವಿಝರ್ಡ್, ಅಂದ್ರೆ ಓದಿ ಕಲ್ತ ಮಾಂತ್ರಿಕ, ಒಂದೇ, 2014ರ ಹಳೇ ಪುಸ್ತಕ ಇದ್ದಾಗ್ಲೂ ಅದೇ, ಈಗ ಹೊಸದ್ರಲ್ಲೂ ಅದೇ, ನಮ್ ಗ್ಯಾಂಗಲ್ಲಿ ಎಲ್ರೂ ಬೈದ್ರೂ ಅದೇ. ಹಾಗಾಗಿ ಹೊಸ ಪುಸ್ತಕದಲ್ಲಿ ಈ ಒಂದು ಕ್ಲಾಸ್ ಹೇಗಿದೆ, ಅದಕ್ಕೋಸ್ಕರ ದುಡ್ಡು ಹಾಕ್ಬೇಕಾ ಅನ್ನೋದಷ್ಟೇ ಇಲ್ಲಿ.

ಗೊತ್ತಿಲ್ದೋರಿಗೆ: ಸಾರ್ಸರರ್‌ಗೆ ಮ್ಯಾಜಿಕ್ ಹುಟ್ತಾನೇ ಬಂದಿರತ್ತೆ, ವಾರ್ಲಾಕ್ ಯಾವ್ದೋ ದೊಡ್ಡ ಶಕ್ತಿ ಜೊತೆ ಒಪ್ಪಂದ ಮಾಡ್ಕೊಂಡು ತಂದಿರ್ತಾನೆ, ನಮ್ ವಿಝರ್ಡ್ ಮಾತ್ರ ಪಿಯುಸಿ ಹುಡ್ಗನ ಥರ ರಾತ್ರಿ ಕೂತು ಓದಿ ಕಲೀಬೇಕು. ಮೈಯಲ್ಲಿ ಜೀವ ಅನ್ನೋದೇ ಇಲ್ಲ, ಹಿಟ್ ಡೈ (ಜೀವ ಲೆಕ್ಕ ಹಾಕೋ ದಾಳ) ಬರೀ ಡಿ6, ಅಂದ್ರೆ ಆರು ಮುಖದ್ದು, ಒಂದನೇ ಲೆವೆಲಲ್ಲಿ ಕಾನ್‌ಸ್ಟಿಟ್ಯೂಷನ್ (ಮೈಗಟ್ಟಿತನದ ಅಂಕ) 14 ಇಟ್ಕೊಂಡ್ರೂ ಸಿಗೋದು 8 ಹಿಟ್ ಪಾಯಿಂಟ್, ಅಂದ್ರೆ ಜೀವದ ಅಂಕ, ಗಾಬ್ಲಿನ್ ಕತ್ತಿ ಏಟು ಸರಾಸರಿ 5, ಎರಡು ಬಿದ್ರೆ ಕಥೆ ಮುಗೀತು. ಸ್ಪೆಲ್ ಸ್ಲಾಟ್ (ಒಂದು ಸ್ಪೆಲ್, ಅಂದ್ರೆ ಮಂತ್ರ, ಹಾಕಿದ್ರೆ ಒಂದು ಖರ್ಚಾಗತ್ತೆ) ಎರಡೇ, ಆರ್ಕೇನ್ ರಿಕವರಿ ಇಂದ ಒಂದು ಗಂಟೆ ರೆಸ್ಟ್ ತಗೊಂಡ್ರೆ ಇನ್ನೊಂದು ವಾಪಸ್ ಬರತ್ತೆ, ಅಲ್ಲಿಗೆ ದಿನದ ಖರ್ಚು ಮುಗೀತು, ಆಮೇಲೆ ಸ್ಲಾಟ್ ಬೇಡದ ಸಣ್ಣ ಸ್ಪೆಲ್ ಕ್ಯಾಂಟ್ರಿಪ್ ಹೊಡ್ಕೊಂಡು ಫೈಟರ್ ಹಿಂದೆ ಬಚ್ಚಿಟ್ಕೊಳ್ಳೋದು. ಶೀಲ್ಡ್ ಸ್ಪೆಲ್ ಮಾತ್ರ ತಪ್ಪದೇ ತಗೊಳಿ, ಏಟು ತಪ್ಪಿಸೋ ಆ +5 ಆರ್ಮರ್ ಕ್ಲಾಸ್ ಎಷ್ಟು ಸಲ ಉಳಿಸತ್ತೆ ಅಂದ್ರೆ ಹೇಳೋಕಾಗಲ್ಲ.

ಈ ಶುರುವಿನ ಲೆವೆಲ್‌ಗಳಲ್ಲೇ ಹೊಸ ಪುಸ್ತಕದ ಮೇಲೆ ನನ್ ಮೊದಲ ಸಿಟ್ಟು. ಹಳೇ ಸ್ಲೀಪ್ ಸ್ಪೆಲ್ ನೆನಪಿದ್ಯಾ? 5ಡಿ8 (ಎಂಟು ಮುಖದ ದಾಳ ಐದು) ಉರುಳಿಸೋದು, ಸರಾಸರಿ ಇಪ್ಪತ್ತೆರಡು ಮೂರು ಬರತ್ತೆ, ಅಷ್ಟು ಹಿಟ್ ಪಾಯಿಂಟ್‌ನ ಗಾಬ್ಲಿನ್‌ಗಳೆಲ್ಲ ಸೇವಿಂಗ್ ಥ್ರೋ ಗೀವಿಂಗ್ ಥ್ರೋ (ಸ್ಪೆಲ್ಲಿಂದ ತಪ್ಪಿಸ್ಕೊಳ್ಳೋಕೆ ಎದುರಾಳಿ ಉರುಳಿಸೋ ದಾಳ) ಏನೂ ಇಲ್ದೆ ಗೊರಕೆ. ಮೇಲಿನ ಲೆವೆಲ್‌ಗೆ ಹೋದ್ರೆ ಅದು ಕಸ, ಒಪ್ತೀನಿ, ಆದ್ರೆ ಒಂದನೇ ಲೆವೆಲಲ್ಲಿ ವಿಝರ್ಡ್‌ಗೆ ಇದ್ದ ಒಂದೇ ಒಂದು ಹೀರೋಗಿರಿ ಅದು. ಈಗ ವಿಸ್ಡಮ್ ಸೇವ್ ಬಂತು, ಅದ್ರಲ್ಲಿ ಸೋತ್ರೂ ತಕ್ಷಣ ನಿದ್ದೆ ಇಲ್ಲ, ಇನ್ನೊಂದು ಸೇವ್‌ನಲ್ಲೂ ಸೋಲ್ಬೇಕು, ಮೇಲೆ ಕಾನ್ಸನ್ಟ್ರೇಷನ್ ಬೇರೆ, ಅಂದ್ರೆ ಗಮನ ಅದ್ರ ಮೇಲೇ ಇಟ್ಟಿರ್ಬೇಕು, ಏಟು ಬಿದ್ರೆ ಒಡೆದ್ರೂ ಒಡೀಬಹುದು. ದೊಡ್ಡ ರಾಕ್ಷಸನ ಮೇಲೂ ಕೆಲಸ ಮಾಡತ್ತೆ ಅನ್ನೋದು ಪ್ಲಸ್ಸೇ, ಆದ್ರೂ ಹಳೇದೇ ಚೆನ್ನಾಗಿತ್ತು ಅನ್ನೋ ಪಾರ್ಟಿ ನಾನು.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ, ಸ್ಪೆಲ್‌ಬುಕ್. ವಿಝರ್ಡ್ ಅಂದ್ರೆ ಫೈರ್‌ಬಾಲ್ ಅನ್ಕೊಂಡಿರೋರೇ ಜಾಸ್ತಿ, ಅದು ಸಾರ್ಸರರ್ ಹತ್ರಾನೂ ಇದೆ ಸ್ವಾಮಿ, ನಮ್ ಹತ್ರ ಮಾತ್ರ ಇರೋದು ಈ ಪುಸ್ತಕ. ಶುರುವಲ್ಲಿ ಆರು ಸ್ಪೆಲ್ ಬರ್ಕೊಂಡಿರತ್ತೆ, ಪ್ರತಿ ಲೆವೆಲ್‌ಗೆ ಎರಡು ಫ್ರೀ, ಇಪ್ಪತ್ತನೇ ಲೆವೆಲ್ ತನಕ ಎಳೆದ್ರೆ 44. ಇದಲ್ದೆ ಆಟದಲ್ಲಿ ಎಲ್ಲಾದ್ರೂ ಸ್ಪೆಲ್ ಬರ್ದಿರೋ ಸ್ಕ್ರೋಲ್ ಸಿಕ್ರೆ, ಸತ್ತ ಯಾವ್ದೋ ಮಾಂತ್ರಿಕನ ಪುಸ್ತಕ ಸಿಕ್ರೆ ಅದ್ರಿಂದ ಕಾಪಿ ಮಾಡ್ಕೋಬಹುದು, ಸ್ಪೆಲ್ಲಿನ ಒಂದೊಂದು ಲೆವೆಲ್‌ಗೂ (ಇದು ಪಾತ್ರದ ಲೆವೆಲ್ ಅಲ್ಲ, ಸ್ಪೆಲ್‌ದೇ ಬೇರೆ ಲೆಕ್ಕ) ಎರಡು ಗಂಟೆ ಮತ್ತೆ 50 ಚಿನ್ನದ ನಾಣ್ಯ. ಅಂದ್ರೆ ಮೂರನೇ ಲೆವೆಲ್ ಸ್ಪೆಲ್ ಒಂದಕ್ಕೆ ಆರು ಗಂಟೆ, 150 ನಾಣ್ಯ. ಮಿಕ್ಕೋರೆಲ್ಲ ಹೊಸ ಕತ್ತಿ ನೋಡಿ ಕುಣಿತಿರ್ವಾಗ ನಾವು ಹಾಳ್ ಬಿದ್ದ ಲೈಬ್ರರಿ ಕಂಡ್ರೆ ಕುಣಿಯೋದು. ಈ ಆಸೆಬುರುಕತನ ಇದ್ಯಲ್ಲ, ಇದೇ ಈ ಕ್ಲಾಸಿನ ಮಜಾ.

ಆದ್ರೆ ಹ್ಯಾಂಡ್‌ಬುಕ್ಕಲ್ಲಿ ಯಾರೂ ದಪ್ಪಕ್ಷರದಲ್ಲಿ ಹೇಳದೇ ಇರೋ ಮಾತು ಇದು: ಆ ಮಜಾ ಪೂರ್ತಿ ನಿಮ್ ಡಿಎಂ (ಡಂಜನ್ ಮಾಸ್ಟರ್, ಆಟ ನಡ್ಸೋರು) ಕೈಲಿದೆ. ಸ್ಕ್ರೋಲ್ ಕೊಡ್ದೇ ಇರೋ ಡಿಎಂ, ಒಂದು ಫೈಟ್ ಮುಗಿದ ತಕ್ಷಣ ಇನ್ನೊಂದಕ್ಕೆ ಓಡಿಸೋ ಡಿಎಂ, ಕಾಪಿ ಮಾಡೋಕೆ ಎರಡು ಗಂಟೆ ಕೇಳಿದ್ರೆ ಮುಖ ಗಂಟಿಕ್ಕೋ ಡಿಎಂ ಸಿಕ್ರೆ ವಿಝರ್ಡ್ ಅಂದ್ರೆ ಬಡಪಾಯಿ ಸಾರ್ಸರರ್ ಅಷ್ಟೇ (ಜೀವ ಅವನಿಗೂ ಡಿ6ಏ, ಆದ್ರೆ ಅವನಿಗೆ ಕಾನ್‌ಸ್ಟಿಟ್ಯೂಷನ್ ಸೇವ್ ಚೆನ್ನಾಗಿರತ್ತೆ, ಕಾನ್ಸನ್ಟ್ರೇಷನ್ ಬೇಗ ಒಡೆಯಲ್ಲ). ನಮ್ ಡಿಎಂ ಪುಣ್ಯಾತ್ಮ, ಊರು ಸಿಕ್ಕಾಗೆಲ್ಲ ಒಂದು ವಾರ ಬಿಡುವು ಕೊಡ್ತಾರೆ. ಹಾಗಾಗಿ ಕ್ಯಾರೆಕ್ಟರ್ ಮಾಡೋ ಮುಂಚೆ ಡಿಎಂನ ನೇರವಾಗಿ ಕೇಳ್ಬಿಡಿ, ಸ್ಕ್ರೋಲ್ ಸಿಗತ್ತಾ, ಟೈಮ್ ಸಿಗತ್ತಾ ಅಂತ. ಇಲ್ಲ ಅಂದ್ರೆ ಬೇರೆ ಕ್ಲಾಸ್ ನೋಡ್ಕೊಳ್ಳಿ, ಬೇಜಾರ್ ಮಾಡ್ಕೊಬೇಡಿ.

ಇಲ್ಲೇ ಹೊಸ ಪುಸ್ತಕ ಸ್ವಲ್ಪ ಬುದ್ಧಿ ಉಪಯೋಗ್ಸಿದೆ. ಮುಂಚೆ ಸಬ್‌ಕ್ಲಾಸ್ (ಕ್ಲಾಸೊಳಗಿನ ಕವಲು, ವಿಝರ್ಡ್‌ಗೆ ಒಂದೊಂದು ಸ್ಕೂಲ್, ಅಂದ್ರೆ ಸ್ಪೆಲ್‌ಗಳ ಗುಂಪು) ಆರಿಸ್ಕೊಂಡ್ರೆ ಆ ಸ್ಕೂಲಿನ ಸ್ಪೆಲ್ ಕಾಪಿ ಮಾಡೋಕೆ ಟೈಮು ದುಡ್ಡು ಎರಡೂ ಅರ್ಧ ಅನ್ನೋ ಆಫರ್ ಇತ್ತು, ಸ್ಕ್ರೋಲೇ ಇಲ್ದೆ ಡಿಸ್ಕೌಂಟ್ ತಗೊಂಡು ಏನ್ ಮಾಡೋದು! ಈಗ ಮೂರನೇ ಲೆವೆಲ್‌ಗೆ ಎರಡು ಸ್ಪೆಲ್ ಬಿಟ್ಟಿ, ಆಮೇಲೆ ಹೊಸ ಲೆವೆಲ್ಲಿನ ಸ್ಲಾಟ್ ಸಿಕ್ಕಾಗೆಲ್ಲ ಒಂದು ಬಿಟ್ಟಿ. ಜಿಪುಣ ಡಿಎಂ ಹತ್ರಾನೂ ಸ್ಪೆಲ್‌ಬುಕ್ ಸ್ವಲ್ಪ ತುಂಬತ್ತೆ. ಐದನೇ ಲೆವೆಲಲ್ಲಿ ಮೆಮೊರೈಸ್ ಸ್ಪೆಲ್ ಅಂತ ಇನ್ನೊಂದು ಬಂದಿದೆ, ಶಾರ್ಟ್ ರೆಸ್ಟ್ (ಆ ಒಂದು ಗಂಟೆ ರೆಸ್ಟ್) ಆದ್ಮೇಲೆ ಪ್ರಿಪೇರ್ ಮಾಡಿರೋ, ಅಂದ್ರೆ ಹಾಕೋಕೆ ಅಂತ ಸ್ಪೆಲ್‌ಬುಕ್ಕಿಂದ ಆರಿಸಿಟ್ಟಿರೋ, ಒಂದು ಸ್ಪೆಲ್ ಬದಲಾಯಿಸ್ಕೋಬಹುದು. ಓದೋಕೆ ಸಣ್ಣದು ಅನ್ಸತ್ತೆ, ಆಡೋವಾಗ ಬಂಗಾರ, ಯಾಕಂದ್ರೆ ಪುಸ್ತಕದಲ್ಲಿ ಬರ್ದಿಟ್ಟು ಯಾವತ್ತೂ ಪ್ರಿಪೇರ್ ಮಾಡದ ವಾಟರ್ ಬ್ರೀದಿಂಗ್ ಥರದ್ದೆಲ್ಲ ಬೇಕಾದ ದಿನಾನೇ ಹೊರಗೆ ಬರತ್ತೆ. ಅಯ್ಯೋ ಅದು ರಿಚುವಲ್ ಅಲ್ವಾ, ಪ್ರಿಪೇರ್ ಮಾಡದೇನೂ ಹಾಕ್ಬಹುದು ಅಂತೀರಾ, ಸರಿ, ಫ್ಲೈ ಅಂತ ಓದ್ಕೊಳ್ಳಿ.

ಫೈರ್‌ಬಾಲ್ ಬಗ್ಗೆ ಹೇಳ್ದೇ ಇರೋಕಾಗಲ್ಲ. ಗಂಧಕ ಮತ್ತೆ ಬಾವಲಿ ಹಿಕ್ಕೆ ಸೇರಿಸಿ ಮಾಡೋ ಸ್ಪೆಲ್, 8ಡಿ6, 20 ಅಡಿ ರೇಡಿಯಸ್, ಅಂದ್ರೆ ಮ್ಯಾಪ್ ಮೇಲೆ ಎಂಟು ಚೌಕ ಅಗಲ, ಒಳಗೆ ನಮ್ಮೋರು ಯಾರಾದ್ರೂ ಇದ್ರೆ ಅವ್ರೂ ಸುಟ್ಟು ಹೋಗ್ತಾರೆ. ಇದು ಸಿಗೋದು ಐದನೇ ಲೆವೆಲ್‌ಗೆ. ನಮ್ಮೋರನ್ನ ಬಿಟ್ಟು ಸುಡೋ ಸ್ಕಲ್ಪ್ಟ್ ಸ್ಪೆಲ್ಸ್ ಅನ್ನೋದು ಇವೋಕರ್ ಸಬ್‌ಕ್ಲಾಸಿಗೆ ಮುಂಚೆ ಎರಡನೇ ಲೆವೆಲ್‌ಗೇ ಸಿಕ್ತಿತ್ತು, ಈಗ ಆರನೇದಕ್ಕೆ ತಳ್ಳಿದಾರೆ. ಐದಕ್ಕೂ ಆರಕ್ಕೂ ಮಧ್ಯದ ಆ ಒಂದು ಲೆವೆಲ್ ಇದ್ಯಲ್ಲ, ಸಖತ್ ಕಾಮಿಡಿ. ನಮ್ ಟೇಬಲ್ಲಲ್ಲಿ ರೂಲ್ಸ್ ಇಂಗ್ಲಿಷಲ್ಲಿ, ಬೈಗುಳ ಕನ್ನಡದಲ್ಲಿ, "ಲೋ ಸರ್ಕೊಳ್ರೋ ಹಾಕ್ತೀನಿ" ಅಂತ ನಾನು, "ಹಾಕಿದ್ರೆ ನಾನೇ ನಿನ್ನ ಕೊಲ್ತೀನಿ" ಅಂತ ಬಾರ್ಬೇರಿಯನ್. ಡಿಸೈನ್ ಮಾಡಿದೋರು ಬೇಕಂತ ಮಾಡಿದ್ರೋ ಹಾಗೇ ಆಯ್ತೋ, ನಂಗಂತೂ ಇಷ್ಟ ಆಯ್ತು.

ಇಷ್ಟ ಆಗದೇ ಇರೋದು ಸಬ್‌ಕ್ಲಾಸ್ ಲಿಸ್ಟು. 2014ರಲ್ಲಿ ಎಂಟು ಸ್ಕೂಲ್‌ಗೂ ಒಂದೊಂದು ಇತ್ತು, ಹೊಸದ್ರಲ್ಲಿ ಅಬ್ಜುರರ್, ಡಿವೈನರ್, ಇವೋಕರ್, ಇಲ್ಯೂಷನಿಸ್ಟ್, ನಾಲ್ಕೇ. ಎಲ್ಲಾ ಕ್ಲಾಸಿಗೂ ನಾಲ್ಕು ಅಂತ ಲೆಕ್ಕ ಸಮ ಮಾಡೋಕೆ ಹೋಗಿ ನೆಕ್ರೊಮ್ಯಾನ್ಸರ್‌ನೇ ಹೊರಗಿಟ್ರು, ಹೆಣ ಎಬ್ಸೋ ಮಾಂತ್ರಿಕ ಇಲ್ದೆ ಫ್ಯಾಂಟಸಿ ಏನ್ ಚೆಂದ. ಹಳೇ ಪುಸ್ತಕ ಇದ್ರೆ ಅದ್ರಲ್ಲಿರೋದನ್ನ ಮೂರನೇ ಲೆವೆಲ್‌ಗೆ ಸೇರಿಸ್ಕೊಂಡು ಆಡ್ಬಹುದು, ಡಿಎಂ ಒಪ್ಬೇಕು ಅಷ್ಟೇ. ಇರೋ ನಾಲ್ಕರಲ್ಲಿ ನನ್ ಓಟು ಡಿವೈನರ್‌ಗೆ, ಬೆಳಗ್ಗೆ ಎದ್ದು ಎರಡು ಡಿ20 ಉರುಳಿಸಿ ಇಟ್ಕೊಳ್ಳೋದು, ದಿನದಲ್ಲಿ ಯಾವಾಗ ಬೇಕಾದ್ರೂ ಯಾರದ್ದಾದ್ರೂ ರೋಲ್ ಬದ್ಲು ಅದನ್ನ ಇಡೋದು. ಬೆಳಗ್ಗೆ 2 ಬಿದ್ರೆ ನಂಗೆ ಖುಷಿ, ಸಂಜೆ ವಿಲನ್ ಸೇವ್‌ಗೆ ಅದೇ ಗತಿ.

ಎದುರಾಳಿ ಸ್ಪೆಲ್ ತಡೆಯೋ ಕೌಂಟರ್‌ಸ್ಪೆಲ್‌ನೂ ಸಪ್ಪೆ ಮಾಡಿದಾರೆ, ಎದುರಾಳಿ ಕಾನ್‌ಸ್ಟಿಟ್ಯೂಷನ್ ಸೇವ್ ಮಾಡ್ತಾನೆ, ಸೋತ್ರೂ ಅವನ ಸ್ಲಾಟ್ ಹೋಗಲ್ಲ. ನಮ್ಮೇಲೆ ಹಾಕ್ದಾಗ ನಮ್ದೂ ಹೋಗಲ್ಲ ಅನ್ನೋದೇ ಸಮಾಧಾನ.

ಪುಸ್ತಕ ಪುಸ್ತಕವಾಗಿ ಚೆನ್ನಾಗಿದೆ. ಸ್ಪೆಲ್ ಎಲ್ಲ ಅಕಾರಾದಿಯಲ್ಲೇ ಇದೆ, ಈಗ ಪ್ರತಿ ಸ್ಪೆಲ್ ಹೆಸರಿನ ಕೆಳಗೇ ಯಾವ ಕ್ಲಾಸ್‌ಗೆ ಸಿಗತ್ತೆ ಅಂತ ಹಾಕಿದಾರೆ, ಮುಂಚೆ ಇದಿಲ್ದೆ ಹಿಂದೆ ಮುಂದೆ ತಿರುವಿ ಸಾಕಾಗ್ತಿತ್ತು. ಕೊನೇಲಿ ರೂಲ್ಸ್ ಗ್ಲಾಸರಿ ಇದೆ, ಜಗಳ ಅರ್ಧ ಕಮ್ಮಿ ಆಯ್ತು.

ಬೆಲೆ 49.99 ಡಾಲರ್, ರೂಪಾಯಿ ಲೆಕ್ಕದಲ್ಲಿ ನಾಲ್ಕು ಸಾವಿರದ ಮೇಲೆ. ಸುಮ್ನೆ ವಿಝರ್ಡ್ ಟ್ರೈ ಮಾಡೋಕೆ ಅಂತ ಇಷ್ಟು ಹಾಕ್ಬೇಡಿ. 2025ರಲ್ಲಿ ಬಂದಿರೋ ಎಸ್‌ಆರ್‌ಡಿ 5.2 ಅನ್ನೋ ಮೂಲ ರೂಲ್ಸ್ ಪಿಡಿಎಫ್ ಪೂರ್ತಿ ಫ್ರೀ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು, ಅದ್ರಲ್ಲಿ ವಿಝರ್ಡ್ ಕ್ಲಾಸ್ ಇದೆ, ಇವೋಕರ್ ಇದೆ, ಸ್ಪೆಲ್‌ಗಳೂ ಬೇಕಾದಷ್ಟಿದೆ, ಸ್ಪೆಲ್‌ಗೆ ಇಟ್ಟಿದ್ದ ಬಿಗ್‌ಬಿ, ಟಾಶಾ ಥರದ ಮಾಂತ್ರಿಕರ ಹೆಸರು ಮಾತ್ರ ತೆಗ್ದಿದಾರೆ. ಐದನೇ ಲೆವೆಲ್ ತನಕ ಅದ್ರಲ್ಲೇ ಆಡಿ, ಸ್ಪೆಲ್‌ಬುಕ್ ಹುಚ್ಚು ಹಿಡೀತು, ಡಿವೈನರ್ ಬೇಕು ಅನ್ಸಿತು ಅಂದ್ರೆ ಆಗ ತಗೊಳಿ, ಇಲ್ಲ ಗ್ಯಾಂಗ್ ಸೇರಿ ಒಂದು ತಗೊಳಿ. ಅಂದಹಾಗೆ ಡೈಸ್ ಸೆಟ್‌ನಲ್ಲಿ ಸಾಮಾನ್ಯವಾಗಿ ಡಿ6 ಒಂದೇ ಇರತ್ತೆ, ಫೈರ್‌ಬಾಲ್‌ಗೆ ಎಂಟು ಬೇಕು, ಮನೇಲಿರೋ ಲೂಡೋ ಡಬ್ಬಿಗಳನ್ನೆಲ್ಲ ಹುಡುಕಿ ಎತ್ತಿಟ್ಕೊಳ್ಳಿ.