ಆಲ್ಬಂ ತೋರಿಸುವವರು ಒಬ್ಬರು, ಛತ್ರಕ್ಕೆ ಬರುವವರು ಇನ್ನೊಬ್ಬರು: ಮದುವೆ ಫೋಟೋ ಬುಕ್ ಮಾಡುವವರೇ ಹುಷಾರು

ಮದುವೆಗೆ ಫೋಟೋಗ್ರಾಫರ್ ಹುಡುಕುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಒಂದು ಮಾತು ಕೇಳಿ. ‘ಮುಹೂರ್ತದ ದಿನ ನಮ್ಮ ಛತ್ರಕ್ಕೆ ಕ್ಯಾಮೆರಾ ಹಿಡಿದುಕೊಂಡು ಬರುವವರು ಯಾರು?’ ಅವರು ಹೆಸರು ಹೇಳಬೇಕು. ಕಾಗದದಲ್ಲಿ ಬರೆದು ಕೊಡಬೇಕು. ‘ನಮ್ಮ ಟೀಮ್ ಬರುತ್ತೆ ಮೇಡಂ, ನೀವೇನೂ ತಲೆ ಕೆಡಿಸಿಕೊಳ್ಳಬೇಡಿ’ ಅಂದರೆ, ತರಿಸಿಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ.

ನನ್ನ ತಂಗಿಯ ಮದುವೆ ಕಳೆದ ಮಾಘದಲ್ಲಿ ಆಯಿತು. ಫೋಟೋದ ಗಲಾಟೆ ಇನ್ನೂ ಮುಗಿದಿಲ್ಲ. ಸ್ಟುಡಿಯೋ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ನಡೆಯುತ್ತಿದೆ. ಹಾಕಿದರೂ ನಿಮಗೆ ಹೆಚ್ಚಿನ ಉಪಯೋಗ ಇಲ್ಲ ಬಿಡಿ. ಇದೇ ರೀತಿ ವ್ಯಾಪಾರ ಮಾಡುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅವರು ತೋರಿಸಿದ ಆಲ್ಬಂ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲೇಬೇಕು. ಮದುಮಗಳ ಮುಖದ ಮೇಲೆ ಕಿಟಕಿಯ ಬೆಳಕು, ಸೀರೆಯ ಜರಿ ಎಳೆ ಎಳೆಯಾಗಿ ಕಾಣುವ ಹಾಗೆ. ಪ್ಯಾಕೇಜಿನಲ್ಲಿ ಕ್ಯಾಂಡಿಡ್, ಟ್ರೆಡಿಷನಲ್, ವಿಡಿಯೋ, ಡ್ರೋನ್, ಆಲ್ಬಂ ಎಲ್ಲ ಇತ್ತು. ‘ಬ್ರೈಡಲ್ ಪೋರ್ಟ್ರೇಟ್ ಸೆಷನ್’ಗೆ ಮಾತ್ರ ಬೇರೆ ದುಡ್ಡು. ತಂಗಿಯ ಆಸೆ ಇದ್ದಿದ್ದೇ ಅದರ ಮೇಲೆ. ನಮ್ಮಮ್ಮನ ಮದುವೆಯದು ಒಂದು ಫೋಟೋ ಇದೆ. ಮೊಗ್ಗಿನ ಜಡೆ ಹಾಕಿ, ಬೆನ್ನ ಹಿಂದೆ ದೊಡ್ಡ ಕನ್ನಡಿ ನಿಲ್ಲಿಸಿ ತೆಗೆದದ್ದು. ಮುಂದೆ ಮುಖ, ಕನ್ನಡಿಯಲ್ಲಿ ಜಡೆ. ನಿಮ್ಮ ಮನೆಯ ಗೋಡೆ ಮೇಲೂ ಅಂಥದ್ದೊಂದು ಇರಬಹುದು. ಹಳೇ ಕಾಲದ ಸ್ಟುಡಿಯೋದವರಿಗೆ ಇದು ಹೇಳಿಕೊಡಬೇಕಾದ ವಿದ್ಯೆ ಆಗಿರಲಿಲ್ಲ. ತಂಗಿ ಆ ಫೋಟೋವನ್ನೇ ಮೊಬೈಲಿನಲ್ಲಿ ತೋರಿಸಿ, ‘ನನಗೆ ಇಂಥದ್ದು ಒಂದು ಬೇಕು’ ಅಂದಳು. ಸ್ಟುಡಿಯೋದವರು ‘ಇದಕ್ಕಿಂತ ಚೆನ್ನಾಗಿ ತೆಗೀತೀವಿ ಮೇಡಂ’ ಅಂದರು. ಅರ್ಧ ದುಡ್ಡು ಕೊಟ್ಟೆವು.

ಒಳಗಿನ ಲೆಕ್ಕ ನಮಗೆ ಗೊತ್ತಾಗಿದ್ದು ಆಮೇಲೆ. ಆಷಾಢದಲ್ಲಿ ಮದುವೆ ಮಾಡುವುದಿಲ್ಲ, ಧನುರ್ಮಾಸದಲ್ಲೂ ಇಲ್ಲ. ಉಳಿದ ತಿಂಗಳುಗಳಲ್ಲಿ ಪಂಚಾಂಗ ತೆಗೆದರೂ ಒಳ್ಳೆಯ ಮುಹೂರ್ತ ಕೆಲವೇ. ಅದು ಭಾನುವಾರ ಬಿದ್ದರಂತೂ ಊರಿನ ಛತ್ರಗಳೆಲ್ಲ ಭರ್ತಿ. ಎಲ್ಲ ಕಡೆ ಧಾರೆ ಆಗುವುದೂ ಹೆಚ್ಚುಕಡಿಮೆ ಅದೇ ಬೆಳಗಿನ ಹೊತ್ತಿಗೆ. ಆಲ್ಬಂ ಮಾಡಿದ ಆ ಒಳ್ಳೆಯ ಫೋಟೋಗ್ರಾಫರ್ ಒಂದೇ ಕಡೆ ಇರಲು ಸಾಧ್ಯ, ಅಲ್ವಾ? ಆದರೆ ಸ್ಟುಡಿಯೋ ಅದೇ ದಿನಕ್ಕೆ ನಾಲ್ಕೈದು ಬುಕಿಂಗ್ ತೆಗೆದುಕೊಳ್ಳುತ್ತದೆ. ಜಾಸ್ತಿ ದುಡ್ಡು ಕೊಟ್ಟ ಮನೆಗೆ ಅವರು ಹೋಗುತ್ತಾರೆ. ಉಳಿದ ಮನೆಗಳಿಗೆ, ವಾಟ್ಸಾಪ್ ಗ್ರೂಪಿನಲ್ಲಿ ‘ನಾಳೆ ಯಾರು ಫ್ರೀ?’ ಅಂತ ಕೇಳಿ, ದಿನದ ಲೆಕ್ಕದಲ್ಲಿ ಹುಡುಗರನ್ನು ಕಳಿಸುತ್ತಾರೆ. ಫ್ರೀಲ್ಯಾನ್ಸರ್ ಹುಡುಗರೆಲ್ಲ ಕೆಟ್ಟವರು ಅಂತಲ್ಲ. ತುಂಬ ಚೆನ್ನಾಗಿ ತೆಗೆಯುವವರೂ ಇದ್ದಾರೆ. ಆದರೆ ನಾವು ಮೂರು ಸಲ ಕೂತು ಹೇಳಿದ್ದು ಯಾವುದೂ ಆ ಹುಡುಗನ ಕಿವಿಗೆ ಬಿದ್ದೇ ಇರುವುದಿಲ್ಲ.

ಮೊದಲ ಲಕ್ಷಣ ಕಂಡಿದ್ದು ಪೋರ್ಟ್ರೇಟ್ ದಿನ. ಜಾಗ ಲಾಲ್‌ಬಾಗ್ ಅಂತ ಅವರೇ ಹೇಳಿದ್ದರು. ದಿನ ಗೊತ್ತು ಮಾಡಿದವರೂ ಅವರೇ, ಜನವರಿಯ ಮೂರನೇ ವಾರ. ಬೆಂಗಳೂರಿನಲ್ಲಿ ಸ್ವಲ್ಪ ದಿನ ಇದ್ದವರಿಗೂ ಗೊತ್ತು, ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಲಾಲ್‌ಬಾಗ್ ಹೇಗಿರುತ್ತದೆ ಅಂತ. ಗೇಟಿನಿಂದ ಗಾಜಿನ ಮನೆ ತನಕ ತಲೆಗಳೇ. ಸಾಲದ್ದಕ್ಕೆ ಅನುಮತಿಯನ್ನೂ ತೆಗೆದುಕೊಂಡಿರಲಿಲ್ಲ. ಲಾಲ್‌ಬಾಗ್ ಇರುವುದು ತೋಟಗಾರಿಕೆ ಇಲಾಖೆಯ ಕೈಯಲ್ಲಿ, ಕಬ್ಬನ್ ಪಾರ್ಕ್ ಕೂಡ. ಇಂಥ ಶೂಟಿಂಗಿಗೆ ಬಿಡುತ್ತಾರಾ ಅಂತ ಮೊದಲೇ ಅಲ್ಲಿ ವಿಚಾರಿಸಬೇಕು. ಪೂರ್ತಿ ಮೇಕಪ್, ಕಾಂಜೀವರಂ, ಸೊಂಟಕ್ಕೆ ಡಾಬು, ತೋಳಿಗೆ ವಂಕಿ ಹಾಕಿಕೊಂಡ ತಂಗಿಯನ್ನು ಸೆಕ್ಯೂರಿಟಿಯವರು ನಿಲ್ಲಿಸಿಕೊಂಡು ‘ಪರ್ಮಿಷನ್ ಲೆಟರ್ ಎಲ್ಲಿ?’ ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಕ್ಯಾಮೆರಾ ಹುಡುಗ ಫೋನ್ ಹಿಡಿದುಕೊಂಡು ದೂರ ಹೋದ. ಸುತ್ತ ಜನ ಸೇರಿ ಮೊಬೈಲಿನಲ್ಲಿ ಫೋಟೋ ತೆಗೆಯಲು ಶುರು ಮಾಡಿದರು. ಸಕ್ಕರೆ ಕಂಡ ಇರುವೆಗಳ ಹಾಗೆ.

ಕೊನೆಗೆ ನಮ್ಮ ಮನೆ ಟೆರೇಸಿನ ಮೇಲೆ, ಮಟಮಟ ಮಧ್ಯಾಹ್ನ ಒಂದಿಷ್ಟು ತೆಗೆದರು. ನೆತ್ತಿ ಮೇಲಿನ ಬಿಸಿಲಿಗೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು. ಬೈತಲೆ ಬೊಟ್ಟಿನ ನೆರಳು ಹಣೆ ಮೇಲೆ ಗೆರೆ ಎಳೆದ ಹಾಗೆ ಬಿದ್ದಿತ್ತು. ಮೆಟ್ಟಿಲ ಹತ್ತಿರ ನೆರಳಿನಲ್ಲಿ ನಿಲ್ಲಿಸಿ, ಮುಖ ಆಕಾಶದ ಕಡೆ ತಿರುಗಿಸಿದ್ದರೂ ಸಾಕಿತ್ತು, ಬೆಳಕು ಮೆತ್ತಗೆ ಬೀಳುತ್ತಿತ್ತು. ಹೊರಗೆ ಪೋರ್ಟ್ರೇಟ್ ತೆಗೆಸುವವರು ಬೆಳಗ್ಗೆ ಎಂಟರ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ ಇಟ್ಟುಕೊಳ್ಳಿ. ಮೇಕಪ್ಪಿಗೆ ಎರಡು ಮೂರು ಗಂಟೆ ಬೇಕು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೊತ್ತು ಗೊತ್ತು ಮಾಡಿ.

ಸ್ಟುಡಿಯೋದವರಿಗೆ ಫೋನ್ ಮಾಡಿದರೆ ಒಂದೇ ಸಮಾಧಾನ. ‘ಮುಹೂರ್ತದ ಬೆಳಗ್ಗೆ ಛತ್ರದಲ್ಲೇ ತೆಗೆಯೋಣ ಮೇಡಂ, ಸೀನಿಯರೇ ಬರುತ್ತಾರೆ.’

ಸೀನಿಯರ್ ಬರಲಿಲ್ಲ. ಇನ್ನೊಬ್ಬ ಹೊಸ ಹುಡುಗ ಬಂದ, ಅದೂ ತಡವಾಗಿ. ಛತ್ರ ಯಲಹಂಕದ ಕಡೆ ಇದ್ದದ್ದು ಅವನಿಗೆ ಹಿಂದಿನ ರಾತ್ರಿಯಷ್ಟೇ ಗೊತ್ತಾಗಿತ್ತಂತೆ. ಅಷ್ಟು ಹೊತ್ತಿಗೆ ತಂಗಿ ನಸುಕಿನಿಂದ ಕೂತು ತಯಾರಾಗಿದ್ದಳು. ಮೊಗ್ಗಿನ ಜಡೆ ಅಂದರೆ ಗೊತ್ತಲ್ಲ, ಒಂದೊಂದೇ ಮೊಗ್ಗು ಜೋಡಿಸಿ ಹೊಲಿಯುವ ಕೆಲಸ. ನಡುವೆ ಕನಕಾಂಬರದ ಸಾಲು, ಮೇಲೆ ಜಡೆಬಿಲ್ಲೆ, ತುದಿಗೆ ಕುಚ್ಚು. ಅದರ ಅಂದ ಇರುವುದು ಮೊಗ್ಗು ಮೊಗ್ಗಾಗಿಯೇ ಇರುವ ತನಕ. ಬಿಸಿಲೇರಿದ ಹಾಗೆ ಮಲ್ಲಿಗೆ ಬಿರಿಯಲು ಶುರುವಾಗುತ್ತದೆ. ಹಾಗಾಗಿ ಜಡೆಯ ಫೋಟೋಗೆ ಇರುವುದು ಮಂಟಪಕ್ಕೆ ಹೋಗುವ ಮುಂಚಿನ ಹೊತ್ತು ಮಾತ್ರ.

ಹುಡುಗ ತೆಗೆದದ್ದು ರೀಲ್ಸಿನಲ್ಲಿ ದಿನಾ ನೋಡುವ ಅವೇ ನಾಲ್ಕು ಪೋಸು. ಜುಮುಕಿ ಹಿಡಿದುಕೊಂಡು, ಮದರಂಗಿ ಕೈ ಮುಖಕ್ಕೆ ಅಡ್ಡ ಇಟ್ಟುಕೊಂಡು, ಬಳೆ ನೋಡುತ್ತಾ, ತಲೆ ತಗ್ಗಿಸಿ ನಗುತ್ತಾ. ಅಮ್ಮ ಬಾಗಿಲಲ್ಲಿ ನಿಂತು ‘ಜಡೆ ತೆಗಿಯಪ್ಪಾ, ಜಡೆ’ ಅಂತ ಹೇಳುತ್ತಲೇ ಇದ್ದರು. ‘ಡೀಟೇಲ್ಸ್ ಆಮೇಲೆ ತೆಗೀತೀನಿ ಆಂಟಿ’ ಅಂದ. ಬಲವಂತಕ್ಕೆ ಒಂದು ಸಲ ಮೇಕಪ್ ರೂಮಿನ ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರ ಕನ್ನಡಿಗೇ ಹೊಡೆಯಿತು. ಜಡೆ ಇರಬೇಕಾದ ಜಾಗದಲ್ಲಿ ದೊಡ್ಡ ಬಿಳಿ ಬೆಳಕು, ಪಕ್ಕದಲ್ಲಿ ಅವನದೇ ಮೊಣಕೈ. ಕ್ಯಾಮೆರಾ ಪರದೆ ನೋಡಿ ‘ಕನ್ನಡಿಯಲ್ಲಿ ಬರಲ್ಲ’ ಅಂದುಬಿಟ್ಟ. ಫ್ಲ್ಯಾಶನ್ನು ಚಾವಣಿ ಕಡೆ ತಿರುಗಿಸಿದ್ದರೆ ಬರುತ್ತಿತ್ತು. ಆರಿಸಿ ಕಿಟಕಿಯ ಪರದೆ ಸರಿಸಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು. ಅಷ್ಟರಲ್ಲಿ ಹೊರಗಿನಿಂದ ಪುರೋಹಿತರು ‘ಹುಡುಗೀನ ಕರ್ಕೊಂಡು ಬನ್ನಿ’ ಅಂತ ಕೂಗಿದರು. ಹೋದದ್ದೇ. ಹಾರ ಬಿತ್ತು, ಅಕ್ಷತೆ ಬಿತ್ತು, ಅತ್ತೆಯರು ಚಿಕ್ಕಮ್ಮಂದಿರು ತಬ್ಬಿಕೊಂಡರು. ಧಾರೆ ಮುಗಿಯುವ ಹೊತ್ತಿಗೆ ಜಡೆ ನಲುಗಿತ್ತು. ಅದರ ಒಂದೇ ಒಂದು ಸರಿಯಾದ ಫೋಟೋ ಇರುವುದು ಮೇಕಪ್ ಮಾಡಿದ ಹುಡುಗಿಯ ಮೊಬೈಲಿನಲ್ಲಿ.

ಮುಖದ ಫೋಟೋಗಳಾದರೂ ಸರಿಯಿದ್ದವಾ? ಕ್ಯಾಮೆರಾ ಪರದೆಯಲ್ಲಿ ಕಂಡದ್ದು ಮುಖ ಸುಣ್ಣ, ಕುತ್ತಿಗೆ ಕಂದು. ಮೇಕಪ್ಪಿನ ಕೆಳಗೆ ಹಚ್ಚಿದ ಸನ್‌ಸ್ಕ್ರೀನಿನಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇದ್ದರೆ ನೇರ ಫ್ಲ್ಯಾಶಿಗೆ ಹೀಗೆ ಬಿಳಿಚಿಕೊಳ್ಳುತ್ತದೆ. ಕೆಲವು ನುಣುಪು ಪೌಡರಿನಿಂದಲೂ ಆಗುತ್ತದೆ. ಕನ್ನಡಿಯಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಟ್ರಯಲ್ ಮೇಕಪ್ ದಿನ ಕತ್ತಲೆ ಕೋಣೆಯಲ್ಲಿ ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ. ಮುಖಕ್ಕೂ ಕುತ್ತಿಗೆಗೂ ವ್ಯತ್ಯಾಸ ಕಂಡರೆ ಆಗಲೇ ಬದಲಾಯಿಸಲು ಹೇಳಿ. ಹಾಗೇ ಮದುವೆ ವಾರದಲ್ಲಿ ಹೊಸ ಫೇಶಿಯಲ್ಲು, ಚರ್ಮದ ಮೇಲ್ಪದರ ತೆಗೆಯುವ ಪೀಲು ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಮದರಂಗಿಯನ್ನು ಫೋಟೋಗೆ ಒಂದೆರಡು ದಿನ ಮೊದಲೇ ಹಾಕಿಸಿಕೊಳ್ಳಿ, ಬಣ್ಣ ಏರಲು ಅಷ್ಟು ಹೊತ್ತು ಬೇಕು. ‘ಕಪ್ಪು ಮದರಂಗಿ, ಬೇಗ ಬಣ್ಣ ಬರುತ್ತೆ’ ಅನ್ನುವುದರ ಹತ್ತಿರವೂ ಹೋಗಬೇಡಿ. ಅದರಲ್ಲಿ ಕೂದಲಿನ ಡೈಗೆ ಹಾಕುವ ಪಿಪಿಡಿ ಇರುವುದುಂಟು, ಕೈ ಸುಟ್ಟ ಹಾಗೆ ಗುಳ್ಳೆ ಏಳಬಹುದು.

ಡ್ರೋನ್ ವಿಷಯ ಎರಡು ಸಾಲಿನಲ್ಲಿ ಮುಗಿಸುತ್ತೇನೆ. ದುಡ್ಡು ತೆಗೆದುಕೊಂಡರು, ಹಾರಿಸಲಿಲ್ಲ. ಯಲಹಂಕ ವಾಯುಪಡೆ ನೆಲೆ, ಜಕ್ಕೂರು ಏರೋಡ್ರೋಮ್ ಪಕ್ಕದಲ್ಲಿರುವ ಛತ್ರಕ್ಕೆ ಡ್ರೋನ್ ಮಾರಿದವರಿಗೆ 2021ರ ಡ್ರೋನ್ ನಿಯಮಗಳು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಮಾರಿದರೋ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ಬಣ್ಣದ ಜಾಗ ಅಂದರೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ನಿಮ್ಮ ಛತ್ರ ಎಲ್ಲಿ ಬರುತ್ತದೆ ಅಂತ ನೀವೇ ನೋಡಿಕೊಳ್ಳಬಹುದು.

ನಿಜವಾದ ತಲೆನೋವು ಶುರುವಾಗಿದ್ದು ಮದುವೆ ಆದ ಮೇಲೆ. ಫೋಟೋ ಕೇಳಿದಾಗಲೆಲ್ಲ ‘ಎಡಿಟಿಂಗ್ ನಡೀತಿದೆ’. ಬಾಕಿ ದುಡ್ಡು ಕೊಟ್ಟರೆ ಮಾತ್ರ ಲಿಂಕ್ ಅಂದರು, ಕೊಟ್ಟೆವು. ಬಂದ ಲಿಂಕಿನಲ್ಲಿ ಹಿಂದಿನ ಸಂಜೆಯ ಆರತಕ್ಷತೆ ಇದೆ. ಅದೂ ಸ್ಟೇಜಿನ ನೇರಳೆ ಲೈಟಿಗೆ ಎಲ್ಲರ ಮುಖವೂ ನೇರಳೆ. ಮುಹೂರ್ತದ ಬೆಳಗಿನದು ಒಂದೂ ಇಲ್ಲ. ಆಮೇಲೊಂದು ದಿನ, ಮುಹೂರ್ತಕ್ಕೆ ಬಂದಿದ್ದ ಆ ಹುಡುಗನೇ ನನಗೆ ಫೋನ್ ಮಾಡಿದ. ‘ಅಕ್ಕಾ, ಬೇಜಾರು ಮಾಡ್ಕೋಬೇಡಿ. ಕ್ಯಾಮೆರಾದ ಮೆಮೊರಿ ಕಾರ್ಡ್ ನನ್ನ ಹತ್ರಾನೇ ಇದೆ. ಸ್ಟುಡಿಯೋದವರು ನನಗೆ ಆ ದಿನದ್ದು ಇನ್ನೂ ಕೊಟ್ಟಿಲ್ಲ, ಕೊಟ್ಟ ಮೇಲೆ ಡೇಟಾ ಕೊಡ್ತೀನಿ.’ ಬುಕಿಂಗ್, ವಾಟ್ಸಾಪ್ ಗ್ರೂಪಿನ ಕತೆ ಎಲ್ಲ ತಿಳಿದದ್ದು ಅವನಿಂದಲೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಿಂದ ಪೂರ್ತಿ ವಸೂಲಿ ಮಾಡಿ ಅವನ ಕೂಲಿ ಕೊಡದವರ ಮೇಲೆ ಇದೆ. ಸ್ಟುಡಿಯೋದವರಿಗೆ ಹೇಳಿದರೆ ‘ಅದು ನಮ್ಮ ಇಂಟರ್ನಲ್ ವಿಷಯ ಮೇಡಂ’ ಅಂತೆ. ನಮ್ಮ ಮನೆ ಧಾರೆಯ ಫೋಟೋ ಅವರ ಇಂಟರ್ನಲ್ ವಿಷಯ!

ಇದೇ ಹೊತ್ತಿಗೆ ಅವರ ಇನ್‌ಸ್ಟಾಗ್ರಾಂನಲ್ಲಿ ತಂಗಿಯ ಅರಿಶಿನ ಶಾಸ್ತ್ರದ ರೀಲು. ಮೈಯೆಲ್ಲ ಒದ್ದೆ, ಹಾಡು ಬೇರೆ. ಯಾರನ್ನೂ ಕೇಳಿರಲಿಲ್ಲ. ಇಲ್ಲಿ ಒಂದು ವಿಷಯ ತಿಳಿದಿರಲಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ‘ಬೇರೆ ಒಪ್ಪಂದ’ವನ್ನೇ ಬುಕಿಂಗ್ ಫಾರಂನ ಹಿಂದೆ ಸಣ್ಣಕ್ಷರದಲ್ಲಿ ಸೇರಿಸಿರುತ್ತಾರೆ. ನಮ್ಮದರಲ್ಲಿ ಅಂಥ ಸಾಲು ಇರಲಿಲ್ಲ, ಅದನ್ನೇ ಬರೆದು ಕಳಿಸಿದ ಮೇಲೆ ರೀಲು ಮಾಯವಾಯಿತು. ನೀವು ಫಾರಂ ತಿರುಗಿಸಿ ಓದಿ. ಅಂಥ ಸಾಲು ಕಂಡರೆ ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿ.

ಫಾರಂನಲ್ಲಿ ಇನ್ನೇನು ಬರೆಸಬೇಕು ಅಂದರೆ: ಯಾರು ಬರುತ್ತಾರೆ, ಅವರಿಗೆ ಆಗದಿದ್ದರೆ ಬದಲಿಗೆ ಯಾರು, ಮದುಮಗಳ ಪೋರ್ಟ್ರೇಟಿಗೆ ಎಷ್ಟು ಹೊತ್ತು ಮೀಸಲು. ಎಡಿಟ್ ಮಾಡದ ಫೋಟೋಗಳು ಎಷ್ಟು ದಿನದೊಳಗೆ ನಿಮ್ಮ ಹಾರ್ಡ್ ಡಿಸ್ಕಿಗೆ ಬರಬೇಕು. ಕಡೆಯ ಕಂತು ಅದು ಕೈಗೆ ಬಂದ ಮೇಲೆಯೇ. ಆಗುವುದಾದರೆ ಅವತ್ತೇ ಸಂಜೆ ಛತ್ರದಲ್ಲೇ ಒಂದು ಕಾಪಿ ಮಾಡಿಸಿಕೊಳ್ಳಿ. ಕಾರ್ಡ್ ಎರಡು ಹಿಡಿಸುವ ಕ್ಯಾಮೆರಾ ತರುತ್ತಾರಾ ಅಂತಲೂ ಕೇಳಿ, ಒಂದು ಕೆಟ್ಟರೆ ಇನ್ನೊಂದರಲ್ಲಿ ಇರುತ್ತದೆ. ಆಲ್ಬಮ್ಮಿನಲ್ಲಿ ಶೀಟ್ ಎಷ್ಟು, ಜಾಸ್ತಿ ಆದರೆ ಒಂದಕ್ಕೆ ಎಷ್ಟು ಅನ್ನುವುದೂ ಬರಲಿ. ಮತ್ತೆ, ಆಯ್ದು ಜೋಡಿಸಿದ ಆಲ್ಬಂ ನೋಡಿ ಮರುಳಾಗಬೇಡಿ, ಯಾವುದಾದರೂ ಒಂದೇ ಮದುವೆಯ ಪೂರ್ತಿ ಫೋಟೋ ತೋರಿಸಿ ಅನ್ನಿ. ಅದರಲ್ಲಿ ಕತ್ತಲೆ ಛತ್ರ, ನೇರಳೆ ಸ್ಟೇಜು, ಊಟದ ಹಾಲ್ ಎಲ್ಲ ಬಂದಿರುತ್ತದೆ. ಕೈಗುಣ ಗೊತ್ತಾಗುವುದು ಅಲ್ಲಿ.

ಬಿಲ್ ಬಿಡಬೇಡಿ. ‘ಬಿಲ್ ಬೇಡ ಅಂದ್ರೆ 18% ಜಿಎಸ್‌ಟಿ ಉಳಿಯುತ್ತೆ ಮೇಡಂ’ ಅಂತ ನಮಗೂ ಹೇಳಿದ್ದರು. ಅಪ್ಪ ಹಳೇ ಕಾಲದವರು, ರಸೀದಿ ಇಲ್ಲದೆ ತರಕಾರಿಯನ್ನೂ ಕೊಳ್ಳದವರು. ಆ ರಸೀದಿಯೇ ಈಗ ನಮ್ಮ ಕೈಲಿರುವ ಆಯುಧ.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಅದರಲ್ಲಿ ಬಗೆಹರಿಯಲಿಲ್ಲ. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ತೊಂದರೆ ಆದ 2 ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ವಾಟ್ಸಾಪ್ ಚಾಟು, ಯುಪಿಐ ಪಾವತಿಯ ಸ್ಕ್ರೀನ್‌ಶಾಟು, ಬುಕಿಂಗ್ ಫಾರಂ, ರಸೀದಿ, ಮೊದಲು ತೋರಿಸಿದ ಆಲ್ಬಂ ಲಿಂಕ್ ಎಲ್ಲ ತೆಗೆದಿಟ್ಟುಕೊಳ್ಳಿ. ಕಾರ್ಡ್ ಇಟ್ಟುಕೊಂಡ ಹುಡುಗನಿಗೆ ಅದರ ಮೇಲೆ ಇನ್ನೇನೂ ಶೂಟ್ ಮಾಡಬೇಡ ಅಂತ ಕೇಳಿಕೊಂಡಿದ್ದೇವೆ. ಮೇಲೆ ಹೊಸದು ತುಂಬಿದರೆ ಹಳೆಯದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ. ಮಾಡಲ್ಲ ಅಕ್ಕ ಅಂದಿದ್ದಾನೆ. ಆಯೋಗದ ನೋಟಿಸ್ ಹೋದ ಮೇಲೆ ಸ್ಟುಡಿಯೋದವರು ಡ್ರೋನ್ ದುಡ್ಡು ವಾಪಸ್ ಕೊಡುತ್ತೇವೆ, ಕೇಸ್ ಬಿಡಿ ಅಂತ ಹೇಳಿ ಕಳಿಸಿದ್ದಾರೆ. ತಂಗಿ ಒಪ್ಪಿಲ್ಲ. ಮೊದಲು ಕಾರ್ಡ್ ಬರಲಿ ಅಂತಿದ್ದಾಳೆ.